ಸಪ್ಪಳ ತಿನ್ನುವ ನಳಗಿ

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಬರೆಯಬಾರದು ಅಂತ ಮಾತ್ರ ಯಾರೂ ಹೇಳಿಲ್ಲ. ಹಂಗಾಗಿ ಈ ದಿನಚರಿಯಲ್ಲಿ ಅವರ ಹೆಸರನ್ನು ಇಡಿಯಾಗಿ ಬರೆಯುತ್ತೇನೆ: ಅಮೋಘಿ. ತೊಟ್ಟಿಲಲ್ಲಿ ಮಗಳು ಸೀತಿ ಮಲಗಿದ್ದಾಳೆ, ಒಲೆಯ ಮೇಲೆ ಬೇಳೆ ಕುದಿಯುತ್ತಿದೆ. ಅದು ಬೇಯುವುದರೊಳಗೆ ಎಷ್ಟಾದೀತೋ ಅಷ್ಟು.

ಅಮೋಘಿ ತಿಕೋಟಾದ ಕುರಿ ಕಾಯುವ ಮನೆತನದವರು. ಊರಿಗೆ ಮೊದಲನೇ ಆಯಿಲ್ ಎಂಜಿನ್ ಬಂದಾಗ ಅದರ ಸಪ್ಪಳ ಕೇಳುತ್ತ ನಿಂತು, ಕುರಿಗಳು ಯಾರದೋ ಕಡಲೆ ಹೊಲ ಮೇಯ್ದದ್ದು ಕೂಡ ಅವರಿಗೆ ಗೊತ್ತಾಗಲಿಲ್ಲವಂತೆ. ನಮ್ಮ ಅತ್ತೆ ದುಂಡವ್ವ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ. "ಕುರಿ ಕಾಯಾಕ ಕಣ್ಣು ಬೇಕವ್ವ. ನನ್ನ ಮಗನಿಗೆ ದೇವರು ಬರೇ ಕಿವಿ ಕೊಟ್ಟಾನ." ಹಂಗೇ ವಿಜಾಪುರಕ್ಕೆ ಹೋಗಿ ಲೇಥ್ ಅಂಗಡಿಯಲ್ಲಿ ಕಬ್ಬಿಣ ಕಡೆಯುವುದನ್ನು ಕಲಿತರು. ಎಂಜಿನ್ ಕೆಟ್ಟರೆ ಬಿಚ್ಚುವ ಮೊದಲು ಅದರ ಮೈಗೆ ಸ್ಕ್ರೂಡ್ರೈವರ್ ಒತ್ತಿ, ಈ ತುದಿಗೆ ಕಿವಿ ಹಚ್ಚಿ ಕುಂತುಬಿಡುತ್ತಾರೆ. ಮಗು ಅತ್ತರೂ ಅದೇ ಪರಿ. ಎತ್ತಿಕೊಳ್ಳುವ ಮೊದಲು ಕತ್ತು ವಾರೆ ಮಾಡಿ ಕೇಳುತ್ತಾರೆ, "ಇದು ಹಸಿವಲ್ಲ, ಹೊಟ್ಟಿನೋವು" ಅಂತ ತೀರ್ಪು ಕೊಡುತ್ತಾರೆ. ಅರ್ಧಕ್ಕರ್ಧ ಸಲ ತಪ್ಪಿರುತ್ತದೆ, ಆ ಮಾತು ಬೇರೆ.

ಸೀತಿಯ ಕಾಲ್ಗೆಜ್ಜೆಯಲ್ಲಿ ಒಂದು ಗುಂಡಿ ಒಡೆದು ಒಳಗಿನ ಹರಳು ಬಿದ್ದುಹೋಗಿತ್ತು. ಅಮೋಘಿ ಲೇಥಿನ ಕೆಳಗೆ ಬಿದ್ದ ಉಕ್ಕಿನ ಚೂರೊಂದನ್ನು ಒಳಗೆ ಹಾಕಿ ಬೆಸುಗೆ ಹಚ್ಚಿದರು. ಅವತ್ತಿನಿಂದ ಆ ಗೆಜ್ಜೆ ಝಣಝಣ ಅನ್ನುವುದರ ನಡುವೆ ಒಂದು ಸಲ ಟಣ್ ಅನ್ನುತ್ತದೆ. ಇದನ್ನು ಯಾಕೆ ಬರೆದೆ ಅನ್ನುವುದು ಮುಂದೆ ತಿಳಿಯುತ್ತದೆ.

ಮದುವೆಯಾದ ವರ್ಷ ಬಬಲೇಶ್ವರಕ್ಕೆ ಬಂದೆವು. ರಾಯಗೊಂಡ ಧಣಿ ತಮ್ಮ ವಾಡೆಯ ಹಿತ್ತಲಲ್ಲಿ ಲೇಥ್ ಹಾಕಿಸಿದ್ದರು, ಅದಕ್ಕೆ ಆಳು ಬೇಕಾಗಿತ್ತು. ಲೇಥಿನ ಬೆನ್ನಿಗೆ ನಮ್ಮ ಎರಡು ಖೋಲಿ. ಲೇಥ್ ಧಣಿಯದು, ಖೋಲಿ ಧಣಿಯದು, ನೀರು ಸೇದುವ ಬಾವಿಯೂ ಧಣಿಯದು. ವಾಡೆಯ ದೊಡ್ಡ ಬಾಗಿಲು ದಾಟದೆ ನಮ್ಮ ಬಾಗಿಲಿಗೆ ದಾರಿಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಅದಕ್ಕೆ ಅಗಳಿ ಬಿದ್ದರೆ ಮುಗಿಯಿತು, ಬೆಳಗಿನವರೆಗೂ ನಾವು ಒಳಗೇ. ತಿಕೋಟಾದ ಮನೆ ಹಿಂದಿನ ಮಳೆಗೆ ಕುಸಿದು ಅಲ್ಲಿ ಈಗ ಎಕ್ಕೆ ಬೆಳೆದಿದೆ. ಅತ್ತೆಗೆ ಎರಡು ಹೆಜ್ಜೆ ನಡೆದರೆ ಏದುಸಿರು. ಎದ್ದು ಹೋಗೋಣ ಅಂದರೆ ಎಲ್ಲಿಗೆ?

ಅರವತ್ತನಾಲ್ಕರ ಚಳಿಗಾಲ. ಹಿಂಗಾರಿ ಜೋಳ ಆಳೆತ್ತರ ನಿಂತಿತ್ತು. ಧಣಿಯ ಹತ್ತಿರ ಒಂದು ವಿಲಾಯತಿ ರೈಫಲ್ ಇತ್ತು. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥದ್ದು, ಬೆರಳಿನಿಂದ ಅದರ ಕುದುರೆ ಎಳೆದಷ್ಟು ಸಲ ಗುಂಡು ಹಾರುತ್ತಿತ್ತು. ಒಂದು ದಿನ ಧಣಿ ಅದರ ಜೊತೆ ಮುಂಬೈಯಿಂದ ತರಿಸಿದ, ಕೊಳವೆಯಂಥ ಕರೀ ನಳಗಿಯೊಂದನ್ನು ತಂದು ಲೇಥಿನ ಮೇಲೆ ಇಟ್ಟರು. ನಾನು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದೆ.

"ಇದನ್ನ ಬಂದೂಕಿನ ಬಾಯಿಗೆ ಕೂಡಿಸಬೇಕು ನೋಡೋ ಅಮೋಘಿ. ಸಪ್ಪಳ ತಿಂತೈತಂತ ಇದು."

"ಸಪ್ಪಳ ತಿಂದ್ರ ಏನು ಲಾಭ್ರೀ ಧಣ್ಯಾರ?"

"ಒಂದು ಢಂ ಅಂದ್ರ ಚಿಗರಿ ಹಿಂಡು ಹೊನವಾಡ ಮುಟ್ಟತಾವ. ಇದನ್ನ ಹಾಕಿದ್ರ ಒಂದು ಬಿದ್ದದ್ದು ಇನ್ನೊಂದಕ್ಕ ಗೊತ್ತಾಗಂಗಿಲ್ಲ."

ಅಮೋಘಿ ನಳಗಿಯನ್ನು ಮುಟ್ಟಲಿಲ್ಲ. "ಹೊಲದಾಗಿನ ಮಂದಿ ಕೂಗು ಹೆಂಗ ಕೊಡ್ತಾರ್ರಿ ಮತ್ತ?"

ಕೂಗು ಅಂದರೆ ಇದು. ಜೋಳ ಎತ್ತರ ಬೆಳೆದಾಗ ಒಳಗೆ ಇದ್ದವರು ಹೊರಗಿನವರಿಗೆ ಕಾಣುವುದಿಲ್ಲ. ಬೇಟೆಯ ಮೊದಲ ಗುಂಡಿನ ಸಪ್ಪಳ ಕೇಳಿದ ಕೂಡಲೇ ಹುಲ್ಲು ಕೊಯ್ಯುವವರು, ಕುರಿ ಕಾಯುವವರು ಎಲ್ಲರೂ ಇದ್ದಲ್ಲಿಂದಲೇ "ಹೋ... ನಾವದೀವಿ" ಅಂತ ಕೂಗುತ್ತಾರೆ. ಆಮೇಲೆ ಸಪ್ಪಳಕ್ಕೆ ಬೆನ್ನು ಕೊಟ್ಟು ನಡೆಯುತ್ತಾರೆ. ಕೂಗು ಬಂದ ಕಡೆ ಬಂದೂಕು ತಿರುಗಬಾರದು. ಮಮದಾಪುರದ ನನ್ನ ತವರಿನಲ್ಲಿ ಮಕ್ಕಳಿಗೆ ಮಾತು ಬರುವ ಹೊತ್ತಿಗೇ ಇದನ್ನು ಕಲಿಸುತ್ತಾರೆ.

ಧಣಿ ನಕ್ಕರು. "ಮಂದಿ ಕೂಗಲಿ ಅಂತ ಬೇಟಿ ಆಡ್ತೇನೇನು ನಾನು?" ಹಂಗೇ ನನ್ನ ಕಡೆ, ತೊಟ್ಟಿಲ ಕಡೆ ನೋಡಿದರು. "ಖೋಲಿ ಸೋರತಾವೇನವ್ವ? ಸೋರಿದ್ರ ಹೇಳು. ಇನ್ನೊಂದು ಕೀಲಿ ನನ್ನ ಹತ್ತಿರ ಐತಿ, ಯಾವಾಗ ಬೇಕಾದ್ರೂ ತಗೀಬಹುದು." ಮಾತು ಮೆತ್ತಗೇ ಇತ್ತು.

ಅವರು ಹೋದ ಮೇಲೆ ನಾನು ಹೇಳಿದೆ: "ಕೂಡಂಗಿಲ್ಲ ಅಂದುಬಿಡ್ರಿ. ಇಲ್ಲಾ ಸೊಟ್ಟ ಕೂಡಿಸ್ರಿ, ಕೆಟ್ಟುಹೋಗಲಿ."

"ಕೂಡಂಗಿಲ್ಲ ಅಂದ್ರ ವಿಜಾಪುರದಾಗ ಇನ್ನೊಬ್ಬಾಂವ ಕೂಡಿಸ್ತಾನ. ನಾವು ಹೊರಗ ಬೀಳ್ತೀವಿ, ಬಂದೂಕು ಹಂಗೇ ಇರತೈತಿ. ಸೊಟ್ಟ ಕೂಡಿಸಿದ್ರ ಗುಂಡು ಒಳಗ ಬಡದು ನಳಗಿ ಸೀಳತೈತಿ. ಮೊಗ್ಗಲಿಗೆ ನಿಂತಾಂವ ಯಾರೋ, ಅವನ ಕಣ್ಣು ಹೋಗತೈತಿ. ನಾ ಮಾಡಾಂವಲ್ಲ ಅದನ್ನ."

"ಹಂಗಾದ್ರ?"

"ಹಂಗಾದ್ರ ನೆಟ್ಟಗ ಕೂಡಿಸೋದು," ಅಂದರು. ಊಟಕ್ಕೆ ಕುಂತರೂ ರೊಟ್ಟಿ ಮುರಿಯಲಿಲ್ಲ.

ಕೂಡಿಸಿದರು. ಹಿತ್ತಲ ತಿಪ್ಪೆಯ ದಿಬ್ಬಕ್ಕೆ ಹಳೆಯ ಗಡಿಗೆ ಒರಗಿಸಿ ಪರೀಕ್ಷೆ. ಧಣಿ ದೂರ ನಿಂತು, "ನೀನು ಕೂಡಿಸೀದಿ, ಮೊದಲು ನೀನೇ ಹೊಡಿ" ಅಂದರು. ಅಮೋಘಿ ಹೊಡೆದರು. ಕೌದಿಯ ಮೇಲೆ ಕೋಲಿನಿಂದ ಬಡಿದಂಗೆ ಒಂದು ಸದ್ದು, ಅದರ ಬೆನ್ನಿಗೇ ಗಡಿಗೆಯ ಕಡೆ ಚಟ್ ಅಂತ ಬಾರುಕೋಲು ಬೀಸಿದಂಗೆ ಇನ್ನೊಂದು. ಗುಂಡು ಗಡಿಗೆಯ ಬುಡಕ್ಕೆ ತಾಗಿತು. ನಳಗಿಯ ಭಾರಕ್ಕೆ ಗುರಿ ಕೆಳಗಿಳಿದಿತ್ತು. ಹೊಗೆಯೆಲ್ಲ ಹಿಂದಕ್ಕೆ ಬಂದು ಅಮೋಘಿಯ ಮುಖಕ್ಕೇ ಹೊಡೆಯಿತು. ಕಣ್ಣು ಒರೆಸಿಕೊಳ್ಳುತ್ತ, "ಬಾಯಿ ಮುಚ್ಚಿದ್ರ ಮೂಗಿನಿಂದ ಬಿಡತೈತಿ ಇದು" ಅಂದರು.

ಧಣಿ ಹಿಗ್ಗಿದರು. "ಭಲೇ! ಇನ್ನ ಮ್ಯಾಲ ಬೇಟಿಗೆ ನೀನೂ ಬಾ. ಬಿಚ್ಚೋದು ಕೂಡಿಸೋದು ನಿಂದೇ ಕೆಲಸ."

ಬಾವಿಕಟ್ಟೆಯಲ್ಲಿ ಮಗ್ಗುಲ ಮನೆಯ ಮಾಸುಮಬಿ ಕೇಳಿದಳು. "ಏನ್ ಬೇ ಗುರುಬಾಯಿ, ನಿನ್ನ ಗಂಡ ಬಂದೂಕಿನ ಬಾಯಿ ಹೊಲದಾನಂತ? ಹಂಗೇ ನಮ್ಮ ಅತ್ತಿ ಬಾಯಿಗೂ ಒಂದು ನಳಗಿ ಮಾಡಿ ಕೊಡಂತ ಹೇಳವ್ವ." ನನಗೆ ನಗು ಬರಲಿಲ್ಲ. ಅವಳು ಕೊಡ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

ಎಳ್ಳಮಾವಾಸ್ಯೆಗೆ ನಾನು ಸೀತಿಯನ್ನು ಎತ್ತಿಕೊಂಡು ಮಮದಾಪುರಕ್ಕೆ ಹೋದೆ. ಹಬ್ಬ ಮುಗಿದ ಮರುದಿನ ಮುಂಜಾನೆ ಅಣ್ಣ ಅಮಸಿದ್ದನಿಗೆ ಬುತ್ತಿ ಕೊಡಲು ಹೊಲಕ್ಕೆ ಹೊರಟೆ. ಅವನ ಹೊಲ ಕೆರೆಯ ಕಲ್ಲಿನ ಏರಿಗೆ ಹತ್ತಿಕೊಂಡೇ ಇದೆ. ಅದೇ ಮುಂಜಾನೆ ಧಣಿಯೂ ಜೀಪು ತೆಗೆದುಕೊಂಡು ಅಲ್ಲಿಗೇ ಬಂದಿದ್ದರು, ಜೊತೆಗೆ ಅಮೋಘಿ. ನಾನು ಊರೊಳಗೆ ತವರಿನ ಪಡಸಾಲೆಯಲ್ಲಿ ಇದ್ದೇನೆ ಅಂತಲೇ ಅವರು ತಿಳಿದಿದ್ದರು.

ಜೋಳದ ನಡುವೆ ಇದ್ದಾಗ ಏರಿಯ ಕಡೆಯಿಂದ ಚಟ್ ಅಂತು. ಇನ್ನೊಮ್ಮೆ. ಮತ್ತೊಮ್ಮೆ.

"ಅಣ್ಣಾ, ಬಂದೂಕೇನೋ?"

"ಬಂದೂಕು ಢಂ ಅನ್ನೋದಿಲ್ಲೇನ? ಯಾರೋ ಬಾರುಕೋಲು ಬೀಸಾಕತ್ತಾರ ಏರಿ ಮ್ಯಾಲ." ಅಣ್ಣ ತಲೆ ಎತ್ತದೆ ಹುಲ್ಲು ಕಟ್ಟುತ್ತಿದ್ದ.

ಅವನು ಕೂಗಲಿಲ್ಲ, ನಾನೂ ಕೂಗಲಿಲ್ಲ. ಆದರೆ ಎಂದೋ ಕಲಿತದ್ದು ಮೈಯಲ್ಲಿ ಇರುತ್ತದಲ್ಲ. ಬುತ್ತಿ ಅಲ್ಲೇ ಇಟ್ಟು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಆ ಸಪ್ಪಳಕ್ಕೆ ಬೆನ್ನು ಕೊಟ್ಟು ಬಿರಬಿರನೆ ನಡೆದೆ. ನಳಗಿ ತಿನ್ನುವುದು ಬಂದೂಕಿನ ಬಾಯಿಯ ಸಪ್ಪಳವನ್ನು ಮಾತ್ರ, ಗುಂಡು ಗಾಳಿ ಸೀಳುವ ಸಪ್ಪಳ ಉಳಿದೇ ಉಳಿಯುತ್ತದೆ, ಅದು ಕಲ್ಲಿನ ಏರಿಗೆ ಬಡಿದು ಏರಿಯಿಂದಲೇ ಬಂದಂಗೆ ಕೇಳುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಬಂದೂಕು ಇದ್ದದ್ದು ನನ್ನ ಎದುರಿಗೆ. ನಾನು ಅದರ ಬಾಯಿಗೇ ನಡೆದು ಹೋಗುತ್ತಿದ್ದೆ.

ಆ ಕಡೆ ನಡೆದದ್ದನ್ನು ಅಮೋಘಿ ಹೇಳಿದ ಹಾಗೇ ಬರೆಯುತ್ತೇನೆ. ಧಣಿ ಹೊಲದ ಆಚೆ ಬದುವಿನಲ್ಲಿ ನಿಂತು, ಕೆಳಗಿಳಿದ ಗುರಿ ಸರಿಮಾಡಿಕೊಳ್ಳಲು ಬೆಳಗಿನಿಂದ ಏರಿಯ ಕಲ್ಲಿಗೆ ಹೊಡೆದೂ ಹೊಡೆದೂ ನಳಗಿ ಕಾಯಿಸಿದ್ದರು. ಅಷ್ಟರಲ್ಲಿ ಜೋಳದ ತೆನೆಗಳು ಅಲುಗಾಡಿದವು. "ಚಿಗರಿ" ಅಂತ ಪಿಸುಗುಟ್ಟಿ ಧಣಿ ಬಂದೂಕು ಎತ್ತಿದರು. ಅಮೋಘಿ ಕತ್ತು ವಾರೆ ಮಾಡಿದರು. ಝಣಝಣ. ನಡುವೆ ಒಂದು ಟಣ್.

ಕಾದ ನಳಗಿಯನ್ನು ಬರಿಗೈಯಲ್ಲಿ ಹಿಡಿದು ನೆಲಕ್ಕೆ ಒತ್ತಿದರು. ಗುಂಡು ಧಣಿಯ ಪಾದದ ಮುಂದೆ ಮಣ್ಣು ಹಾರಿಸಿತು. ನಾನು ಜೋಳದಿಂದ ಹೊರಗೆ ಬಂದಾಗ ಕಂಡದ್ದು ಇಷ್ಟೇ: ನನ್ನ ಗಂಡ ಮೊಣಕಾಲೂರಿ ಕುಂತಿದ್ದಾರೆ, ಇನ್ನೂ ನಳಗಿ ಬಿಟ್ಟಿಲ್ಲ, ಅಂಗೈಯಿಂದ ಸುಟ್ಟ ವಾಸನೆ. ಸೀತಿ ಅಪ್ಪನನ್ನು ಕಂಡು ಕೈ ಚಾಚಿದಳು.

ಧಣಿಯ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಅಂದರು, "ಏನೂ ಆಗಲಿಲ್ಲಲ್ಲ, ನಡೀ. ಹೆಣ್ಣುಮಕ್ಕಳು ಜೋಳದಾಗ ಯಾಕ ಅಡ್ಡಾಡಬೇಕು?"

ಅಂಗೈಗೆ ಎಣ್ಣೆ ಸುಣ್ಣ ಹಚ್ಚಿದೆ. ಗಾಯ ಇನ್ನೂ ಹಸಿಯಿದ್ದಾಗಲೇ ಧಣಿ ಹಿತ್ತಲಿಗೆ ಬಂದು, ಮುಂದಿನ ಬೇಟೆ ಹೊನವಾಡಕ್ಕೆ ಅಂದರು.

ಅಮೋಘಿ ಎದ್ದು ನಿಂತರು. "ಬರ್ತೇನ್ರಿ. ಆದ್ರ ಗುಂಡು ಹಾರೋಕಿಂತ ಮೊದಲು ನಾ ಕೂಗು ಹಾಕ್ತೇನಿ."

"ಕೂಗು ಹಾಕೋದಿದ್ರ ಕೀಲಿ ಕೊಟ್ಟು ಹೋಗಿ, ತಿಕೋಟಾದಾಗ ಹಾಕು." ಧಣಿ ಅತ್ತೆಯ ಕಡೆ ನೋಡಿದರು. "ಮುದುಕಿನ್ನ ಗಾಡಿಗೆ ಹೇರಿಕೊಂಡು ಹೋಗು."

ಅತ್ತೆ ಗೋಡೆ ಹಿಡಿದು ಎದ್ದರು. "ಹೋಗೋಣ ಏಳೋ ಯಪ್ಪಾ" ಅಂದರು, ಎರಡು ಹೆಜ್ಜೆ ಇಟ್ಟು ಕೆಮ್ಮುತ್ತ ಅಲ್ಲೇ ಕುಂತುಬಿಟ್ಟರು. ಅಮೋಘಿ ತಾಯಿಯ ಬೆನ್ನು ನೀವಿದರು, ಎಡಗೈಯಿಂದ. ಆಮೇಲೆ ತಲೆ ತಗ್ಗಿಸಿ, "ಬರ್ತೇನ್ರಿ, ಕೂಗಂಗಿಲ್ಲ" ಅಂದರು. ಆ ಮಾತು ಅವರ ಬಾಯಿಂದ ಬರುವಾಗ ನಾನು ಒಲೆಯ ಕಡೆ ತಿರುಗಿಕೊಂಡೆ.

ಮಾರನೇ ದಿನ ಬಾವಿಕಟ್ಟೆಯಲ್ಲಿ ಮಾಸುಮಬಿಗೆ ಎಲ್ಲ ಹೇಳಿದೆ. ಈ ಸಲ ಅವಳೂ ನಗಲಿಲ್ಲ. ಹಗ್ಗ ಸುತ್ತುತ್ತ ಕೇಳಿದಳು. "ನಿನ್ನ ಗಂಡ ಕೂಗಂಗಿಲ್ಲ ಅಂತ ಮಾತು ಕೊಟ್ಟಾನ. ನೀ ಕೊಟ್ಟೀಯೇನು?"

"ಇಲ್ಲ."

"ನಾನಂತೂ ಯಾರಿಗೂ ಏನೂ ಕೊಟ್ಟಿಲ್ಲ ಬೇ."

ಈಗ ನಡೆಯುವುದು ಹೀಗೆ. ಬೇಟೆಯ ದಿನ ಬೆಳಗಿನ ಚಹಾ ಹೊತ್ತಿಗೆ ಅಮೋಘಿ ಕಪ್ಪು ಕೆಳಗಿಟ್ಟು ಒಂದು ಊರಿನ ಹೆಸರು ಹೇಳುತ್ತಾರೆ. ಯಾರಿಗೆ ಅಂತಲ್ಲ, ಗೋಡೆಗೆ ಹೇಳಿದಂಗೆ. ನಾನು ಮೊಸರಿಗೆ ಹೋಗುವ ನೆವ ಮಾಡಿ ಮೋಟಾರು ನಿಲ್ಲುವ ಕಡೆ ಹೋಗುತ್ತೇನೆ. ನನಗೆ ಆಗದಿದ್ದರೆ ಮಾಸುಮಬಿ. ಕಂಡಕ್ಟರ್ ಸಾಬಣ್ಣ ನಮ್ಮ ಮಾತು ಕೇಳಿ ಸೀಟಿ ಊದುತ್ತಾನೆ, ಧಣಿಯ ಜೀಪಿಗೆ ಎಣ್ಣೆ ಬೀಳುವುದರೊಳಗೆ ಮೋಟಾರು ಆ ಊರು ಮುಟ್ಟಿ ಹೊಲದ ಮಂದಿಗೆ ಸುದ್ದಿ ತಲುಪಿರುತ್ತದೆ. ಬೇಟೆಗಾರರು ಹೊಲದ ಬದುವಿಗೆ ಬರುವ ಹೊತ್ತಿಗೆ ಜೋಳದ ಒಳಗೆಲ್ಲ ಕೂಗು. ಇಲ್ಲಿಂದ ಹೋ, ಅಲ್ಲಿಂದ ಹೋ. ಹೊನವಾಡದಲ್ಲಿ ಒಬ್ಬ ಮುದುಕಿ ತಂಬಿಗೆ ಬಾರಿಸುತ್ತ ನಿಂತಿದ್ದಳಂತೆ. "ಏನಾಗೈತಿ ಈ ಮಂದಿಗೆ?" ಅಂತ ಧಣಿ ಕೇಳಿದರೆ ಅಮೋಘಿ, "ಹಕ್ಕಿ ಕಾಯಾಕತ್ತಾರ ಕಾಣಸತೈತ್ರಿ" ಅಂದರಂತೆ. ಅವತ್ತು ರೈಫಲ್ ಹೋದಂಗೆ ತಿರುಗಿ ಬಂತು.

ಇದರಿಂದ ನಮ್ಮ ಬಾಗಿಲೇನೂ ತೆರೆಯಲಿಲ್ಲ. ಸಂಜೆ ಅಗಳಿ ಬೀಳುತ್ತದೆ. ಇನ್ನೊಂದು ಕೀಲಿ ಧಣಿಯ ಜೇಬಿನಲ್ಲೇ ಇದೆ. ಬೇಟೆಯಿಂದ ಬಂದ ಮೇಲೆ ಅಮೋಘಿ ನಳಗಿ ಬಿಚ್ಚಿ ಮಸಿ ಒರೆಸುತ್ತಾರೆ. ಅಂಗೈಯ ಚರ್ಮ ಬಿಗಿದು ಬೆರಳು ಪೂರ್ತಿ ಅರಳುವುದಿಲ್ಲ, ಲೇಥಿನ ಹಿಡಿಕೆ ಈಗ ಎಡಗೈಗೆ ಬಂದಿದೆ. ಧಣಿ ಒಮ್ಮೊಮ್ಮೆ ನನ್ನ ಮೊಸರಿನ ಗಡಿಗೆಯ ಕಡೆ ನೋಡುತ್ತಾರೆ. ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ. ತಿಳಿದ ದಿನ ನಾವು ಬೀದಿಯಲ್ಲಿ.

ಬೇಳೆ ಬೆಂದಿದೆ. ಸೀತಿ ಎದ್ದು ತೊಟ್ಟಿಲ ಹಗ್ಗ ಎಳೆಯುತ್ತಿದ್ದಾಳೆ. ಈಗಷ್ಟೇ ಅಮೋಘಿ ಚಹಾ ಕುಡಿದು ಕಪ್ಪು ಕೆಳಗಿಟ್ಟರು.

"ಅರಕೇರಿ."

ಮಗುವಿನ ಗೆಜ್ಜೆ ಬಿಗಿದು ಕಟ್ಟಿ ಸೊಂಟಕ್ಕೆ ಏರಿಸಿಕೊಂಡೆ. ಮೊಸರಿನ ಗಡಿಗೆ ಎಲ್ಲಿಟ್ಟೆನೋ ಹುಡುಕಬೇಕು.