ಪಾಠದಲ್ಲಿ ಉಳಿದ ನಗು

ಆ ವಿಡಿಯೊಗಳಲ್ಲಿ ಕಾಣುವ ದಡ್ಡ ವಿದ್ಯಾರ್ಥಿನಿ ನಾನೇ. ಗರಾಜಿನಲ್ಲಿ, ಮಡಚುವ ಕುರ್ಚಿಯ ಮೇಲೆ, ಶಾಲು ಹೊದ್ದು ಕೂತಿದ್ದೇನೆ. ಎದುರಿಗೆ ಪಕ್ಕದ ಬೀದಿಯ ಅಂಕಲ್ ಚಮಚವೊಂದನ್ನು ಎತ್ತಿ ಹಿಡಿದಿದ್ದಾರೆ. ಅದಕ್ಕೆ ರಷ್ಯನ್ ಭಾಷೆಯಲ್ಲಿ ಲೋಷ್ಕಾ ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಗೊತ್ತಿಲ್ಲದವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡಿದ್ದೇನೆ.

ಅಂಕಲ್ ಧಾರವಾಡದ ಕಡೆಯವರು. ಎಪ್ಪತ್ತರ ದಶಕದಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಸೋವಿಯತ್ ದೇಶದಲ್ಲಿ ಎಂಜಿನಿಯರಿಂಗ್ ಓದಿದವರು. ಆಮೇಲೆ ಅಮೆರಿಕದ ವರ್ಜೀನಿಯಾಕ್ಕೆ ಬಂದು, ಸರ್ಕಾರಿ ಗುತ್ತಿಗೆಯ ಕಂಪನಿಯೊಂದರಲ್ಲಿ ದುಡಿದು, ನಾವು ಅಲ್ಲಿನ ಫೇರ್‌ಫ್ಯಾಕ್ಸ್‌ಗೆ ಬರುವ ಹೊತ್ತಿಗೆ ನಿವೃತ್ತರಾಗಿದ್ದರು. 2020ರಲ್ಲಿ ಅವರ ನೆಂಟರ ಹುಡುಗಿಯೊಬ್ಬಳು ಮೆಡಿಕಲ್ ಓದಲು ರಷ್ಯಾಕ್ಕೆ ಹೊರಟು ನಿಂತಳು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನ ರೋಗಿಗಳು ಮಾತಾಡುವುದು ರಷ್ಯನ್. ಭಾಷೆ ಕಲಿಸುತ್ತೇವೆಂದು ಏಜೆಂಟರು ಕೇಳಿದ ಹಣ ಎಷ್ಟೆಂದು ತಿಳಿದು ಅಂಕಲ್ ಸಿಟ್ಟಾದರು. ಕನ್ನಡದಲ್ಲೇ ರಷ್ಯನ್ ಕಲಿಸುವ ವಿಡಿಯೊ ಕೋರ್ಸ್ ಮಾಡಬೇಕು, ಒಂದು ಸಿನಿಮಾ ಟಿಕೆಟಿನ ಬೆಲೆಗೆ ಕೊಡಬೇಕು ಎಂದು ನಿರ್ಧರಿಸಿದರು. ನಾನು ಕೆಲಸ ಮಾಡುತ್ತಿದ್ದ ಗ್ರಂಥಾಲಯ ಆಗ ಮುಚ್ಚಿತ್ತು. "ತಂಗಿ, ನೀ ಹೆಂಗೂ ಖಾಲಿ ಕುಂತೀದಿ. ಬಾ, ನಮ್ಮ ಶಾಲ್ಯಾಗ ಹೆಸರು ಹಚ್ಚು," ಅಂದರು. ಹೀಗೆಯೇ ಅಂದರು ಎಂದು ಆಣೆ ಮಾಡಲಾರೆ. ನನ್ನ ನೆನಪು ಬೇರೆಯವರ ಮಾತನ್ನು ತಿದ್ದಿ ಚೆಂದ ಮಾಡುತ್ತದೆ ಎಂಬುದು ನನಗೆ ತಡವಾಗಿ ತಿಳಿದ ಸಂಗತಿ.

ಅಗ್ಗದ ಕೋರ್ಸ್ ಎಂದರೆ ಎಲ್ಲವೂ ಅಗ್ಗವೇ. ಇಸ್ತ್ರಿ ಮೇಜಿನ ಮೇಲೆ ಡಬ್ಬಗಳನ್ನು ಪೇರಿಸಿ ಫೋನ್ ನಿಲ್ಲಿಸುತ್ತಿದ್ದೆವು. ಸೋಂಕಿನ ಭಯಕ್ಕೆ ಗರಾಜಿನ ದೊಡ್ಡ ಬಾಗಿಲನ್ನು ಅರ್ಧ ಎತ್ತಿಟ್ಟಿರುತ್ತಿದ್ದೆವು. ಪಕ್ಕದ ಮನೆಯವರು ಎಲೆ ಊದುವ ಯಂತ್ರ ಶುರು ಮಾಡಿದರೆ ಪಾಠ ನಿಲ್ಲಿಸಿ ಕಾಯಬೇಕು. ಎಡಿಟ್ ಮಾಡುವವರು ಯಾರೂ ಇರಲಿಲ್ಲ. ಫೋನಿಗೆ ಏನು ಸಿಕ್ಕಿತೋ ಅದೇ ಪಾಠ. ಕೆಮ್ಮು, ಹೀಟರಿನ ಗುಂಯ್ ಸದ್ದು, ಗರಾಜಿಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂಕಲ್ ಹೆಂಡತಿ, ಆಂಟಿಯ ನಗು, ಎಲ್ಲವೂ ಅದರೊಳಗೇ ಇವೆ.

ಅಂಕಲ್ ಹತ್ತಿರ ಕಲಿಸುವ ಉಪಾಯವೊಂದಿತ್ತು. ಅವರ ಹಾಸ್ಟೆಲಿನಲ್ಲಿ ಊಟ ಬಡಿಸುತ್ತಿದ್ದ ಮುದುಕಿಯೊಬ್ಬಳು, ತಟ್ಟೆಗೆ ಬ್ರೆಡ್ ಹಾಕುವ ಮುನ್ನ ಅದರ ಹೆಸರೇ ಮರೆತುಹೋಯಿತೆಂದು ತಲೆ ಕೆರೆದುಕೊಳ್ಳುತ್ತಿದ್ದಳಂತೆ. ಹಸಿದ ಹುಡುಗರು ಹೆಸರು ಕೂಗಬೇಕು. "ಎಲ್ಲಾ ಬಲ್ಲವರ ಮುಂದ ಬಾಯಿ ಬಿಡಾಕ ಅಂಜಿಕಿ ಆಗ್ತದ ತಂಗಿ. ಮರತವರ ಮುಂದ ಯಾರಿಗೂ ಅಂಜಿಕಿ ಇಲ್ಲ," ಅನ್ನುತ್ತಿದ್ದರು. ಹಾಗಾಗಿ ಪ್ರತಿ ಪಾಠದಲ್ಲೂ ಅವರು ಒಂದೆರಡು ಸಲವಾದರೂ ಮರೆಯುತ್ತಿದ್ದರು. ವಸ್ತುವನ್ನು ಎತ್ತಿ ಹಿಡಿದು, "ಅಯ್ಯ, ಇದಕ್ಕೇನಂತಾರ? ಮರತೇ ಬಿಟ್ಟೆ ನೋಡು," ಎಂದು ಫೋನಿನ ಕಡೆ ಕಣ್ಣರಳಿಸಿ ಕಾಯುವರು. ನೋಡುವ ಮಕ್ಕಳು ಉತ್ತರಿಸಲೆಂದು ಬಿಟ್ಟ ಮೌನ ಅದು. ಆ ಮೌನದಲ್ಲಿ ಆಂಟಿ ಬಾಗಿಲಿನಿಂದ ನಗುವರು. "ಸಾಕ್ರಿ ನಿಮ್ಮ ನಾಟಕ," ಅನ್ನುವರು. ಅಂಕಲ್ ಆ ಕಡೆ ಒಮ್ಮೆ ತಿರುಗಿ, ಚಪ್ಪಾಳೆ ಗಿಟ್ಟಿಸಿದ ನಟನ ಹಾಗೆ ಮುಗುಳ್ನಕ್ಕು, ಪಾಠ ಮುಂದುವರಿಸುವರು.

ನನ್ನ ಪಾಲಿಗೆ ಬಂದದ್ದು ತಪ್ಪು ಹೇಳುವ ಕೆಲಸ.

"ನೀ ದಡ್ಡಿ ಇರಬೇಕು. ಆದ್ರ ಭಾಳ ದಡ್ಡಿ ಬ್ಯಾಡ. ನೋಡೋ ಹುಡುಗ್ರು, ಇಕಿಗಿಂತ ನಾನ ಶಾಣ್ಯಾ ಅನ್ಕೋಬೇಕು. ಅಷ್ಟ."

"ಎಷ್ಟು ದಡ್ಡಿ ಅಂತ ಒಂದು ರೇಂಜ್ ಹೇಳಿ ಅಂಕಲ್, ಪ್ರಾಕ್ಟೀಸ್ ಮಾಡ್ಕೊಂಡು ಬರ್ತೀನಿ."

"ಪ್ರಾಕ್ಟೀಸ್ ಏನೂ ಬ್ಯಾಡ. ಇದ್ದಂಗ ಬಾ."

ಆಗಲೂ ಬಾಗಿಲಲ್ಲಿ ನಗು ಕೇಳಿತ್ತು.

ಪಾಠಗಳು ಒಂದೊಂದಾಗಿ ಹೊರಬಂದವು. ವಿಡಿಯೊಗಳ ಕೆಳಗೆ ಊರಿನ ಹುಡುಗರು ಬರೆಯತೊಡಗಿದರು. 'ಸಾರ್ ತಾಳ್ಮೆಗೆ ಕೈ ಮುಗೀಬೇಕು.' 'ಆಂಟಿ ಇನ್ನೂ ಚಮಚ ಬಿಟ್ಟು ಮೇಲೆ ಎದ್ದಿಲ್ಲ.' ಆ ಹುಡುಗರ ಪಾಲಿಗೆ ನಾನೇ ಆಂಟಿ. ನನ್ನ ಮಗಳು ಭುಜದ ಮೇಲಿನಿಂದ ಬಗ್ಗಿ ನೋಡಿ, "ಅಮ್ಮೀ, ದೇ ಆರ್ ರೋಸ್ಟಿಂಗ್ ಯು," ಅಂದಳು. ನನ್ನನ್ನು ಗೇಲಿ ಮಾಡುತ್ತಿದ್ದಾರಂತೆ. ನಾನು ಆ ದಿನಗಳಲ್ಲಿ ಸುಖವಾಗಿದ್ದೆ ಅನ್ನಿಸುತ್ತದೆ. ಆಗಲೂ ಹಾಗೇ ಅನ್ನಿಸಿತ್ತೋ, ಆಮೇಲಿನದೆಲ್ಲ ನೋಡಿ ಈಗ ಹಾಗನ್ನಿಸುತ್ತಿದೆಯೋ ಹೇಳಲಾರೆ.

ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಉಕ್ರೇನಿನ ಮೇಲೆ ರಷ್ಯಾದ ಯುದ್ಧ ಶುರುವಾಯಿತು. ಹತ್ತಿರದ ರೆಸ್ಟನ್ನಿನ ಗೆಳೆಯರ ಮನೆಯಲ್ಲಿ, ಎಲ್ಲರೂ ಅಡುಗೆ ಮಾಡಿ ತರುವ ಪಾಟ್‌ಲಕ್ಕಿನಲ್ಲಿ, ಯಾರೋ, "ಈಗ್ಲೂ ರಷ್ಯನ್ ಕೋರ್ಸ್ ರನ್ ಮಾಡ್ತಿದ್ದೀರಾ ಅಂಕಲ್?" ಎಂದು ಕೇಳಿದರು. ಅಂಕಲ್ ಉತ್ತರಿಸದೆ ತಟ್ಟೆಯನ್ನೇ ನೋಡುತ್ತ ನಿಂತರು. ಮನಸ್ಸಿಗೆ ನೋವಾಗಿದೆ ಎಂದುಕೊಂಡು ನಾವು ಮಾತು ಬದಲಿಸಿದೆವು. ಅವರ ಪ್ರತಿಯೊಂದು ಮೌನಕ್ಕೂ ನಮ್ಮ ಹತ್ತಿರ ಕಾರಣ ಸಿದ್ಧವಿತ್ತು. ಗರಾಜಿನಲ್ಲಿ ಸುಮ್ಮನಾದರೆ ಪಾಠ, ಹೊರಗೆ ಸುಮ್ಮನಾದರೆ ಯುದ್ಧ.

ಆ ವಸಂತದಲ್ಲೇ ಮನೆಯ ಸಾಮಾನುಗಳ ಪಾಠ ಚಿತ್ರೀಕರಿಸಿದೆವು. ಅಂಕಲ್ ಕಾರಿನ ಕೀಲಿ ಎತ್ತಿ ಹಿಡಿದು ಎಂದಿನಂತೆ ಮರೆತರು. ಮೊದಲೇ ಮಾತಾಡಿಕೊಂಡಿದ್ದ ಹಾಗೆ ನಾನು, "ಲೋಷ್ಕಾ," ಅಂದೆ. ಅವರು "ಕೀಲೀಲೆ ಸಾರು ಕುಡೀತೀ ಏನು?" ಎಂದು ಛೇಡಿಸಬೇಕಿತ್ತು. ಹಾಗೆ ಅನ್ನಲಿಲ್ಲ. "ಭಾಳ ಶಾಣ್ಯಾಕಿ ನೀ," ಎಂದು ಕೀಲಿ ಕೆಳಗಿಟ್ಟು ಮುಂದಿನ ಸಾಮಾನು ಕೈಗೆತ್ತಿಕೊಂಡರು. ಆಂಟಿ ಜೋರಾಗಿ ನಕ್ಕರು. ಹೊಸ ತಮಾಷೆ ಎಂದುಕೊಂಡು ನಾನೂ ನಕ್ಕೆ. ಆ ಪಾಠ ಹಾಗೆಯೇ ಹೋಯಿತು. ಹುಡುಗರಿಗೂ ಅದು ತಮಾಷೆಯಾಗಿಯೇ ಕಂಡಿತು.

ಎರಡು ದಿನ ಬಿಟ್ಟು ಆಂಟಿಯ ಹತ್ತಿರ ಆ ಮಾತೆತ್ತಿದೆ.

"ಮನ್ಯಾಗೂ ಹಂಗ ಮಾಡ್ತಾರವಾ," ಅಂದರು. "ಮೊನ್ನಿ ಚಾ ಕೊಟ್ರ, ಇದಕ್ಕೇನಂತಾರ ಅಂತ ಕೇಳಿದ್ರು. ನಿಮ್ಮ ಶಾಲಿ ಗರಾಜಿನ್ಯಾಗ ಇಟ್ಕೋರಿ ಅಂದೆ."

ಇಬ್ಬರೂ ನಕ್ಕೆವು. ಆದರೆ ಅಲ್ಲಿಂದ ಮುಂದೆ ನಾನು ತಪ್ಪು ಹೇಳುವುದನ್ನು ಬಿಟ್ಟೆ. ಅವರು ಮರೆತು ಕಾಯುವಾಗ, "ಇದು ಕ್ಲ್ಯುಚ್ ಅಲ್ವಾ ಅಂಕಲ್? ಇಲ್ಲಾ ನಾನು ಮತ್ತೆ ತಪ್ಪಾ?" ಎಂದು ಸರಿಯುತ್ತರವನ್ನು ಅನುಮಾನದಂತೆ ಮುಂದಿಡುತ್ತಿದ್ದೆ. ಅವರು ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿದ್ದರು. 'ಆಂಟಿ ಇಂಪ್ರೂವ್ ಆಗಿದ್ದಾರೆ' ಎಂದು ಯಾರೋ ಬರೆದರು. ನನಗೆ ಅಷ್ಟರಲ್ಲೇ ಸಂಶಯ ಬಂದಿತ್ತು ಎಂದು ಹೇಳಿಕೊಳ್ಳುವ ಆಸೆಯಿದೆ. ಆ ವಾರಗಳ ಡೈರಿಯಲ್ಲಿ ಇರುವುದು ಪರಾಗದ ಧೂಳು ಮತ್ತು ನನ್ನ ಸೀನಿನ ವಿಷಯ ಮಾತ್ರ.

ಮರುವರ್ಷ ಅಂಕಲ್ ದಿನಸಿ ತರಲು ಹೋದವರು ಮನೆಯ ದಾರಿ ತಿಳಿಯದೆ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೇ ಕೂತಿದ್ದರು. ಪರೀಕ್ಷೆಗಳಾದವು. ಮರೆವಿನ ರೋಗ ಎಂದು ಡಾಕ್ಟರು ಹೇಳಿದರು. ಯಾವಾಗಿನಿಂದ ಎಂದು ಆಂಟಿಯನ್ನು ಕೇಳಿದರು. ಮಾರನೆಯ ದಿನ ಆಂಟಿ ನಮ್ಮ ಮನೆಗೆ ಬಂದು, ಕೂರಿ ಅಂದರೂ ಕೂರದೆ, ಕೋಟು ಹಾಕಿಕೊಂಡೇ ನಿಂತರು.

"ನೀ ಅವ್ರ ಎದುರಿಗೆ ಕುಂತಾಕಿ. ಖರೇ ಖರೇ ಮರೆಯಾಕತ್ತಿದ್ದು ಯಾವಾಗಿಂದ?"

"ಗೊತ್ತಿಲ್ಲ ಆಂಟಿ."

"ಎಲ್ಲಾ ವಿಡಿಯೋದಾಗ ಐತಲಾ. ನೋಡಿ ಹೇಳು. ಡಾಕ್ಟರಿಗೆ ಅಲ್ಲ, ನನಗ." ಕೋಟಿನ ಗುಂಡಿ ಹಾಕಿಕೊಂಡರು. "ನಾ ನಗತಿದ್ದೆ ಅದರಾಗ. ಯಾವತ್ತಿಂದ ಅವ್ರ ರೋಗಕ್ಕ ನಕ್ಕೀನಿ ಅಂತ ನನಗ ಗೊತ್ತಾಗಬೇಕು. ಅಲ್ಲಿಂದ ಮುಂದ ನನ್ನ ನಗಿ ತಗದ್ ಹಾಕು. ಊರ ಹುಡುಗ್ರೆಲ್ಲಾ ಕೇಳ್ತಾರದನ್ನ."

ಎಲ್ಲ ಪಾಠಗಳನ್ನೂ ನೋಡಿದೆ. ಕೀಲಿಯ ಪಾಠದಿಂದ ಹಿಂದಕ್ಕೆ ಹೋದೆ. ಅದರ ಹಿಂದಿನ ಪಾಠದಲ್ಲೂ ಅಂಥದೇ ಮೌನ. ಅದರ ಹಿಂದಿನದರಲ್ಲೂ. ಮೊದಲ ಪಾಠದಲ್ಲಿ ಬ್ರೆಡ್ ಹಿಡಿದು ಕಾಯುವಾಗ ಅವರ ಮುಖದ ತುಂಬ ತುಂಟತನವಿತ್ತೆಂದು ನನಗೆ ನೆನಪು. ವಿಡಿಯೊದಲ್ಲಿ ಆ ಮೌನ ತುಸು ಉದ್ದವಾಗಿದೆ, ಅವರ ಕೈ ಸಣ್ಣಗೆ ನಡುಗುತ್ತಿದೆ. ಚಳಿಯಿತ್ತು, ಬಾಗಿಲು ತೆರೆದಿತ್ತು. ಇನ್ನು ಕೊನೆಕೊನೆಯ ಪಾಠವೊಂದರಲ್ಲಿ, ಎಲ್ಲವೂ ಕೈಮೀರಿರಬೇಕಾದ ಹೊತ್ತಿನಲ್ಲಿ, ಈರುಳ್ಳಿಯ ಹೆಸರು ಮರೆತು ನನಗೆ ಕಣ್ಣು ಹೊಡೆಯುತ್ತಾರೆ. ಮರೆವಿನ ನಾಟಕ ಎಲ್ಲಿ ಮುಗಿದು ಮರೆವು ಎಲ್ಲಿ ಶುರುವಾಯಿತೆಂದು ನನಗೆ ಗೆರೆ ಎಳೆಯಲಾಗಲಿಲ್ಲ. ಅವರಿಗಾದರೂ ಗೊತ್ತಿತ್ತೇ?

ಕೊನೆಗೆ ಎಲ್ಲ ಪಾಠಗಳಿಂದಲೂ ನಗು ತೆಗೆಯುವುದೆಂದು ನಿಶ್ಚಯಿಸಿದೆ. ಹೇಗೆಂದು ಮಗಳು ತೋರಿಸಿಕೊಟ್ಟಳು. ಕಷ್ಟವೇನಿರಲಿಲ್ಲ. ಆ ಮೌನದಲ್ಲಿ ಬೇರೆ ಯಾರ ಮಾತೂ ಇರುತ್ತಿರಲಿಲ್ಲವಾದ್ದರಿಂದ ಅಷ್ಟು ಹೊತ್ತಿನ ಸದ್ದು ಅಡಗಿಸಿದರೆ ಸಾಕು. ಮೊದಲ ಪಾಠವನ್ನು ಹಾಗೆ ಮಾಡಿ ನೋಡಿದೆ. ಅಂಕಲ್ ಬ್ರೆಡ್ ಎತ್ತುತ್ತಾರೆ, ಮರೆಯುತ್ತಾರೆ, ಕಾಯುತ್ತಾರೆ. ನಗು ಇಲ್ಲ. ಆಮೇಲೆ, ಯಾರೂ ಕರೆಯದೆ, ಮುಖ ತಿರುಗಿಸಿ ಪಕ್ಕದ ಶೂನ್ಯವನ್ನು ನೋಡಿ ಮುಗುಳ್ನಗುತ್ತಾರೆ.

ಇನ್ನೊಂದು ಪಾಠ ಮಾಡಿದೆ. ಅಲ್ಲೂ ಅದೇ. ನಗು ತೆಗೆದ ಮೇಲೆ ಅವರು ಮೊದಲ ದಿನದಿಂದಲೇ ರೋಗಿಯ ಹಾಗೆ ಕಂಡರು.

ನನ್ನಷ್ಟಕ್ಕೆ ತೀರ್ಮಾನಿಸಲಾಗದೆ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲಿಟ್ಟು ಆಂಟಿಗೆ ತೋರಿಸಿದೆ. ಅಂಕಲ್ ಚಹಾದ ಲೋಟ ಮುಂದಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು. ಪರದೆಯ ಮೇಲಿನ ನನ್ನನ್ನು ಬೆರಳಿಟ್ಟು ತೋರಿಸಿ, "ಇಕೀಗೆ ಏನಂದ್ರ ಏನೂ ಬರೂದಿಲ್ಲ ನೋಡು," ಎಂದು ನನಗೇ ಹೇಳಿದರು.

"ಹೌದು ಅಂಕಲ್. ತುಂಬಾ ದಡ್ಡಿ."

ಅಷ್ಟರಲ್ಲಿ ಆ ಮೌನ ಬಂತು. ಪರದೆಯ ಮೇಲಿನ ಅಂಕಲ್ ಕತ್ತು ತಿರುಗಿಸಿ ಮುಗುಳ್ನಕ್ಕರು.

"ಯಾರನ್ನ ನೋಡಾಕತ್ತಾರ ಅವ್ರು?" ಆಂಟಿ ಕೇಳಿದರು.

"ನಿಮ್ಮನ್ನ."

ಇನ್ನೊಮ್ಮೆ ಹಾಕು ಅಂದರು. ಹಾಕಿದೆ. ಆಮೇಲೆ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು.

"ಮದಲಿದ್ದಂಗ ಮಾಡು."

"ಯಾವ ಪಾಠದವರೆಗೆ ಆಂಟಿ?"

"ಎಲ್ಲಾನೂ. ಇರ್ಲಿ. ಕೇಳಿದವ್ರು ಕೇಳ್ಲಿ."

ಎದ್ದು ಒಲೆಯ ಹತ್ತಿರ ಹೋಗಿ ನಮ್ಮ ಕಡೆ ಬೆನ್ನು ಮಾಡಿ ನಿಂತರು. ಪಾತ್ರೆಯಲ್ಲಿ ಏನೂ ಇರಲಿಲ್ಲ. ಅಂಕಲ್ ಲೋಟದಿಂದ ಚಮಚ ತೆಗೆದು ಎತ್ತಿ ಹಿಡಿದರು. ಅದನ್ನೇ ನೋಡಿದರು. ನಾನು ಬಾಯಿ ತೆರೆದವಳು ಸುಮ್ಮನಾದೆ, ಏಕೆಂದರೆ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಒಲೆಯ ಕಡೆ ತಿರುಗಿ ಕಾಯುತ್ತಿದ್ದರು.

"ಸಾಕ್ರಿ ನಿಮ್ಮ ನಾಟಕ," ಅಂದರು ಆಂಟಿ, ತಿರುಗದೆಯೇ. ನಗಲಿಲ್ಲ.

ಅಂಕಲ್ ಮುಗುಳ್ನಕ್ಕು ಚಮಚ ಕೆಳಗಿಟ್ಟರು.