ಎಡಮಗ್ಗುಲಲ್ಲಿ ಮಲಗಿ ಆಡಿದ ಆಟ

ಅಕ್ಕ ಹನ್ನೆರಡು ವಾರ ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದರು. ಅವಳು ಹನ್ನೆರಡು ನಿಮಿಷ ಸುಮ್ಮನೆ ಕೂತಿದ್ದನ್ನೂ ನಾನು ನೋಡಿರಲಿಲ್ಲ.

ಹಿಂದಿನ ವರ್ಷ ಐದನೇ ತಿಂಗಳಲ್ಲಿ ಒಂದು ಮಗು ಹೋಗಿತ್ತು. ಈ ಸಲ ಹಾಸನದಲ್ಲಿ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, 'ಮೂವತ್ತನಾಲ್ಕು ವಾರ ದಾಟಿಸಿ, ಆಮೇಲಿನದು ನಾವು ನೋಡಿಕೊಳ್ಳುತ್ತೇವೆ' ಅಂದಿದ್ದರು. ಆಗ ಇಪ್ಪತ್ತೆರಡು ಮುಗಿದಿತ್ತು. ಬಚ್ಚಲಿಗೆ ಬಿಟ್ಟು ಬೇರೆ ಯಾವುದಕ್ಕೂ ಏಳುವಂತಿಲ್ಲ, ಆದಷ್ಟೂ ಎಡಮಗ್ಗುಲು. ಭಾವ ಅವಳನ್ನು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ, ನಮ್ಮ ಮನೆಗೆ ಕರೆತಂದು ಬಿಟ್ಟುಹೋದರು.

ಅವಳು ಮಲಗುವವಳಲ್ಲವೆಂದು ಮೊದಲ ವಾರವೇ ಗೊತ್ತಾಯಿತು. ಅಮ್ಮ ಹಸುವಿಗೆ ನೀರಿಟ್ಟು ಬರುವಷ್ಟರಲ್ಲಿ ಅಕ್ಕ ಎದ್ದು ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಕೇಳಿದರೆ, "ಕೈ ತಾನೇ ಆಡ್ತಿರೋದು, ಹೊಟ್ಟೆ ಅಲ್ವಲ್ಲ" ಅನ್ನುತ್ತಿದ್ದಳು. ಟಿವಿ ಅವಳನ್ನು ಹಿಡಿದಿಡಲಿಲ್ಲ. ಅದನ್ನು ನೋಡುತ್ತಲೇ ಕಸ ಗುಡಿಸಬಹುದು.

ಅವಳ ಕಣ್ಣು, ಕೈ, ತಲೆ ಮೂರನ್ನೂ ಕಟ್ಟಿಹಾಕಬಲ್ಲ ಒಂದು ವಸ್ತು ನನ್ನ ಫೋನಿನಲ್ಲಿತ್ತು. ಎರಡು ವರ್ಷದಿಂದ ಹಾಸನದ ಬಸ್ಸಿನಲ್ಲಿ, ಪರದೆಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಆಡುತ್ತಿದ್ದೆ. ಎಂ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಗಣಿತ ಹೇಳುವವಳು ಇಂಥದನ್ನು ಆಡುತ್ತಾಳೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಕ್ಕನ ಕೈಗೆ ಅದನ್ನು ಕೊಡುವುದು ನನ್ನ ಡೈರಿಯನ್ನೇ ಕೊಟ್ಟಂತಿತ್ತು. ಆದರೂ ಅವಳ ಫೋನಿಗೆ ಹಾಕಿಕೊಟ್ಟೆ.

ಆಟ ಇಷ್ಟು. ಅಂಚೆಚೀಲ ಹೊತ್ತ ಒಬ್ಬ ಹೆಂಗಸು ಬೆಟ್ಟ ಹತ್ತುತ್ತಾಳೆ. ಮೇಲಿನ ಊರಿನಿಂದ ಎಷ್ಟೋ ಕಾಲದಿಂದ ಕಾಗದ ಬಂದಿಲ್ಲ. ಯಾಕೆಂದು ಅವಳಿಗೆ ತಿಳಿಯಬೇಕು. ದಾರಿಯಲ್ಲಿ ತೋಳ, ಕಳ್ಳರು, ದಾರಿ ನುಂಗುವ ಮಂಜು. ಎದುರಿಸಲು ಅವಳ ಹತ್ತಿರ ಇರುವುದು ಹತ್ತು ಎಲೆಗಳ ಒಂದು ಕಟ್ಟು. ಇಸ್ಪೀಟಿನ ಹಾಗೆ ಕಲೆಸಿದರೆ ಐದೈದು ಕೈಗೆ ಬರುತ್ತವೆ: ಹೊಡೆ, ತಡೆ, ತಪ್ಪಿಸಿಕೋ. ಒಂದೊಂದು ಕಾಳಗ ಗೆದ್ದಾಗಲೂ ಮೂರು ಹೊಸ ಎಲೆ ತೋರಿಸಿ, ಒಂದನ್ನು ಆರಿಸಿಕೋ ಅನ್ನುತ್ತದೆ. ಸೋತರೆ ಸಾವು. ಕೂಡಿಸಿದ್ದೆಲ್ಲ ಹೋಗಿ ಮತ್ತೆ ಅದೇ ಹತ್ತು ಎಲೆ, ಅದೇ ಬೆಟ್ಟದ ಬುಡ. ಕಥೆ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಸತ್ತವಳು ತನ್ನ ಮನೆಯಲ್ಲೇ ಕಣ್ಣು ಬಿಡುತ್ತಾಳೆ. ಪಕ್ಕದ ಮನೆಯ ಮುದುಕಿ ಬಂದು, ಹಿಂದೆ ಹೇಳದಿದ್ದ ಒಂದು ಮಾತು ಹೇಳುತ್ತಾಳೆ. ಆ ಒಂದು ಮಾತಿಗಾಗಿ ನಾನು ನೂರಾರು ಸಲ ಸತ್ತಿದ್ದೆ.

ಪ್ರತಿ ಗೆಲುವಿಗೂ ಅಕ್ಕ ಒಂದು ಎಲೆ ತೆಗೆದುಕೊಂಡೇ ತೆಗೆದುಕೊಂಡಳು.

"ಬೇಡ ಅನ್ನೋ ಬಟನ್ನೂ ಇದೆ ಅಕ್ಕ. ಕಟ್ಟು ದಪ್ಪ ಆದಷ್ಟೂ ಬೇಕಾದ ಎಲೆ ಕೈಗೆ ಬರಲ್ಲ."

"ಬಿಟ್ಟಿ ಕೊಡ್ತಾವ್ರೆ, ಬೇಡ ಅನ್ನಕ್ಕಾಯ್ತದೇನೆ? ನೀನು ಸೀರೆ ಅಂಗಡೀಲೂ ಇಂಗೇ ಕಣೆ, ಬರಿಗೈಲಿ ಬತ್ತೀಯ."

ನಾಲ್ಕನೇ ದಿನ ಅವಳು "ಅಯ್ಯೋ, ಸತ್ತೆ!" ಎಂದು ಕೂಗಿದ್ದು ಅಡುಗೆಮನೆಗೆ ಕೇಳಿತು. ಅಮ್ಮ ಮುದ್ದೆ ತಿರುವುವ ಕೋಲಿನ ಸಮೇತ ಬಂದಳು.

"ಬಸುರಿ ಬಾಯಲ್ಲಿ ಎಂಥ ಮಾತೇ ಅದು! ಬೆಳಗ್ಗಿಂದ ಸತ್ತೆ ಸತ್ತೆ ಅಂತ ಜಪ ಮಾಡ್ತಾವಳೆ. ಆ ಫೋನ್ನ ಬಾವಿಗೆ ಆಕ್ತೀನಿ ನೋಡು."

ನಮ್ಮ ಮನೆಯಲ್ಲಿ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ, 'ಬತ್ತೀನಿ' ಅನ್ನುತ್ತಾರೆ. ಹಿಂದಿನ ವರ್ಷ ಮಗು ಹೋದ ಮೇಲೆ ಅಮ್ಮ ಅಶುಭದ ಮಾತು ಬಾರದಂತೆ ಇನ್ನಷ್ಟು ಕಾಯುತ್ತಿದ್ದಳು. ನಾನು ಅವಳ ಜೊತೆ ವಾದಿಸಲಿಲ್ಲ. ಆಟದ ಹೆಂಗಸು ಎದ್ದೇಳುವುದು ತನ್ನ ಮನೆಯಲ್ಲೇ ಅಲ್ಲವೇ, ಹಾಗಾಗಿ ಅಕ್ಕ 'ಸತ್ತೆ' ಬದಲು 'ಮನೆಗೆ ಬಂದೆ' ಎನ್ನಲಿ ಅಂದೆ. ಅಮ್ಮ ಕೋಲು ಹಿಡಿದೇ ಯೋಚಿಸಿದಳು.

"ಅಂಗನ್ನಿ ಬೇಕಾದ್ರೆ."

ಒಂದು ವಾರ ಕಳೆಯುವುದರೊಳಗೆ, ಒಳಗಿನಿಂದ "ಮನೆಗೆ ಬಂದೆ" ಎಂದು ಕೇಳಿದರೆ ಅಡುಗೆಮನೆಯಿಂದ "ಮುದುಕಿ ಏನಂದ್ಲು?" ಎಂಬ ಪ್ರಶ್ನೆ ಬರತೊಡಗಿತು. ಅಕ್ಕ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಕೆಲವು ದಿನ ಮುದುಕಿ ಹಳೆಯ ಮಾತನ್ನೇ ತಿರುಗಿಸಿ ಹೇಳುತ್ತಿದ್ದಳು. ಒಂದು ಹೊಸ ಸಾಲಿಗೆ ಇಡೀ ದಿನ ಹೋಗುತ್ತಿತ್ತು. "ಮನೆಮುರುಕಿ, ಹೊಟ್ಟೇಲಿ ಇಟ್ಕೊಂಡು ಸಾಯಿಸ್ತಾಳೆ" ಎಂದು ಅಮ್ಮ ತಾನೇ ಸಾವಿನ ಮಾತು ಆಡಿ, ಗಲ್ಲ ಬಡಿದುಕೊಂಡಳು. ಇಂಥ ಆಟಗಳ ಮೊದಲ ದೋಷ ಅದು: ಕಥೆಯನ್ನು ಹನಿಹನಿಯಾಗಿ ಕೊಟ್ಟು ಕಾಯಿಸುತ್ತವೆ.

ಎರಡನೆಯ ದೋಷ ಮೂವತ್ತನೇ ವಾರದ ಒಂದು ಭಾನುವಾರ ಮಧ್ಯಾಹ್ನ ತಿಳಿಯಿತು. ಅಕ್ಕ ಮೊದಲ ಸಲ ಬೆಟ್ಟದ ನೆತ್ತಿ ಮುಟ್ಟಿದ್ದಳು. ನಾನು ಪಕ್ಕದಲ್ಲಿ ಕೂತು ಯಾವ ಎಲೆ ಮೊದಲು ಎಂದು ಹೇಳಿಕೊಡುತ್ತಿದ್ದೆ. ಅವಳ ಹಣೆ ಗಂಟಿಕ್ಕಿದ್ದನ್ನು ಮೂರು ಸಲ ನೋಡಿದೆ. ಮೂರು ಸಲವೂ ಅದು ಆಟಕ್ಕೆ ಅಂದುಕೊಂಡೆ. ಸೋತ ಮೇಲೆ ಅವಳು ಫೋನು ಕೆಳಗಿಟ್ಟು, "ಒಂದು ಗಂಟೆಯಿಂದ ಹೊಟ್ಟೆ ಕಲ್ಲಾಗ್ತಿದೆ ಕಣೆ. ಇದೊಂದು ಮುಗೀಲಿ ಅಂತ ಸುಮ್ನಿದ್ದೆ" ಅಂದಳು.

ಅಪ್ಪ ಪಕ್ಕದ ಮನೆಯ ಕಾರು ತಂದ. ಹಾಸನದವರೆಗೂ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ನೋವು ನಿಲ್ಲಿಸಿದರು. ನಾಲ್ಕು ದಿನ ಅಲ್ಲೇ ಇದ್ದೆವು. ಭಾವ ಬಂದು ನನಗೂ ಕಾಫಿ ತಂದುಕೊಟ್ಟರು, ಬೈದಿದ್ದರೆ ಹಗುರವಾಗುತ್ತಿತ್ತು. ಐದನೇ ದಿನ ಮನೆಗೆ ಬಂದ ಕೂಡಲೇ ಆಟವನ್ನು ಅಳಿಸಲು ಹೊರಟೆ.

"ಅಳಿಸ್ಬೇಡ" ಅಂದಳು ಅಕ್ಕ. "ಅದಿಲ್ದೆ ಇನ್ನೊಂದು ತಿಂಗ್ಳು ನಾನು ಮಲಗಲ್ಲ. ನನ್ನ ಬುದ್ಧಿ ನಂಗೊತ್ತು."

ಅವಳು ಹೇಳಿದ್ದು ನಿಜ. ಹಾಗಾಗಿ ನಾನು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಪ್ರತಿ ಕಾಳಗದ ನಂತರ ಫೋನು ಬೋರಲು, ಹತ್ತು ನಿಮಿಷ ಹೊಟ್ಟೆಯ ಮೇಲೆ ಕೈ. ಕಾಳಗದ ನಡುವೆ ಹೊಟ್ಟೆ ಗಟ್ಟಿಯಾದರೆ ಆಟ ಅಲ್ಲಿಗೇ ನಿಲ್ಲಬೇಕು, ಗೆಲ್ಲುತ್ತಿದ್ದರೂ ಸರಿ. ನಾನು ಕಾಲೇಜಿಗೆ ಹೋದಾಗ ಗಡಿಯಾರ ಅಮ್ಮನ ಕೈಯಲ್ಲಿ.

ಮೂವತ್ತೊಂದು. ಮೂವತ್ತೆರಡು. ಅಕ್ಕ ಎಲೆ ಬೇಡ ಅನ್ನುವುದನ್ನು ಕಲಿತಳು. ಅವಳ ಕಟ್ಟು ತೆಳ್ಳಗಾಯಿತು, ಆಟ ನಿಧಾನವಾಯಿತು. ಅವರೆಕಾಯಿ ಬುಟ್ಟಿ ಅವಳ ಕಣ್ಣೆದುರೇ ಇದ್ದರೂ ಕೈ ಚಾಚಲಿಲ್ಲ. ಮೂವತ್ತನಾಲ್ಕು ತುಂಬಿದ ದಿನ ಅಮ್ಮ ಪಾಯಸ ಮಾಡಿ, ಯಾಕೆಂದು ಯಾರಿಗೂ ಹೇಳಲಿಲ್ಲ.

ಮೂವತ್ತೈದು ದಾಟಿದ ಎರಡನೇ ಬೆಳಿಗ್ಗೆ ಅಕ್ಕ ಮತ್ತೆ ಬೆಟ್ಟದ ನೆತ್ತಿಯಲ್ಲಿದ್ದಳು. ಕೊನೆಯ ವೈರಿಗೆ ಒಂದೇ ಏಟು ಬಾಕಿ; ಮುಂದಿನ ಕೈಯ ಐದು ಎಲೆಗಳಲ್ಲಿ ಒಂದು 'ಹೊಡೆ' ಬಂದರೆ ಸಾಕಿತ್ತು. ನಾನು ಪರದೆಯ ಮೇಲೆ ಬಾಗಿದೆ. ಅವಳು ಫೋನು ಬೋರಲು ಹಾಕಿದಳು.

"ಗಟ್ಟಿಯಾಯ್ತು. ಅಪ್ಪನ್ನ ಕರಿ."

"ಅಕ್ಕ, ಒಂದೇ…" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ನಿಯಮ ಬರ್ದೋಳು ನೀನೇ ಅಲ್ವೇನೆ?"

ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ಯುವಾಗ ಫೋನನ್ನು ನನ್ನ ಕೈಗಿಟ್ಟಳು. "ಮುಟ್ಬೇಡ. ನಾನೇ ಬಂದು ಹೊಡೀತೀನಿ." ಆ ಹಗಲು ಬೆಂಚಿನ ಮೇಲೆ ಕೂತು ಕಾಯುವಾಗ ಫೋನು ನನ್ನ ಬ್ಯಾಗಿನಲ್ಲಿತ್ತು. ಮುಟ್ಟಲಿಲ್ಲ.

ಹೆಣ್ಣುಮಗು. ಎರಡು ಕೇಜಿಗೆ ಸ್ವಲ್ಪ ಮೇಲೆ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದು, ಮೂರನೇ ದಿನ ಅಮ್ಮನ ತೊಡೆಗೆ ಕೊಟ್ಟರು. ಆಗ ಅಕ್ಕ ಫೋನು ಕೇಳಿ ತೆಗೆದುಕೊಂಡಳು. ಹೊಸ ಕೈ ಬಂತು: ಐದೂ 'ತಡೆ'. ಅದರ ಮುಂದಿನದರಲ್ಲೂ ಒಂದೇ ಒಂದು 'ಹೊಡೆ' ಇಲ್ಲ. ಅಷ್ಟರಲ್ಲಿ ವೈರಿಯ ಏಟು ಬಿತ್ತು.

ಅಕ್ಕ ಅಮ್ಮನ ಕಡೆ ತಿರುಗಿದಳು.

"ಮನೆಗೆ ಬಂದೆ" ಅಂದಳು.

ಅಮ್ಮ ಮಗುವಿನ ಮುಖದಿಂದ ಕಣ್ಣು ಎತ್ತಲಿಲ್ಲ.

"ಬಂದ್ಯಾ, ಸರಿ. ಮುದುಕಿ ಏನಂದ್ಲು, ಓದು."