ಹೆಗಲ ಮೇಲೆ ಬಿದ್ದ ಕೈ

ದೆವ್ವ, ಭೂತ, ಮುನ್ಸೂಚನೆ ಎಂಬ ಮಾತು ಬಂದರೆ ನಾನು ನಗುವವನು. ಸೈನ್ಯದಲ್ಲಿ, ಅದರಲ್ಲೂ ಕಮಾಂಡೊ ತುಕಡಿಯಲ್ಲಿ ಇದ್ದು ಬಂದವನು ಇನ್ನೇನು ಮಾಡಿಯಾನು? ಆದರೆ ಆ ಒಂದು ಬೆಳಗನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಮಾಂಡೊ ಎಂದರೆ ಜನ ಸಿನಿಮಾದ ಹಾರಾಟ ಎಂದುಕೊಳ್ಳುತ್ತಾರೆ. ನಮ್ಮ ಕಸುಬಿನ ಮುಕ್ಕಾಲು ಪಾಲು ಕಾಯುವುದು, ಉಳಿದದ್ದರಲ್ಲಿ ಹೆಚ್ಚಿನದು ಗುಂಡು ಹಾರಿಸದೆ ಇರುವುದು. ಕಾಡಿನಲ್ಲಿ ಮಾತಾಡುವಂತಿಲ್ಲ. ಹಿಂದಿನವನಿಗೆ ಅನುಮಾನ ಬಂದರೆ ಮುಂದಿನವನ ಎಡ ಹೆಗಲನ್ನು ಎರಡು ಸಲ ಅದುಮುತ್ತಾನೆ. ತಡಿ, ಖಾತ್ರಿಯಿಲ್ಲ ಎಂದರ್ಥ. ಅದುಮಿದವನು ನಿನ್ನೆ ಬಂದ ಹೊಸಬನಾಗಿರಲಿ, ಮುಂದಿರುವವನು ಸಾಹೇಬನೇ ಆಗಿರಲಿ, ಕೋವಿ ಇಳಿಯಲೇಬೇಕು. ಕೆಲಸ ಮುಗಿದ ಮೇಲೆ ಎಲ್ಲರೂ ನೆಲದ ಮೇಲೆ ಕೂತು, ತಾನು ಮಾಡಿದ್ದನ್ನು ತಾನೇ ಹೇಳಬೇಕು. ಹಾಗೆ ಕೂತಾಗಲೇ ನನ್ನ ಗೆಳೆಯ ಬಲಬೀರ, ಒಬ್ಬನೇ ಮುಂದೆ ಹೋಗಿದ್ದಾಗ ಕುರಿ ಕಾಯುವವನೊಬ್ಬನನ್ನು ಶತ್ರುವೆಂದು ತಿಳಿದು ಹೊಡೆದೆ ಎಂದು ಬಾಯಿಬಿಟ್ಟದ್ದು. ಯಾರೂ ನೋಡಿರಲಿಲ್ಲ, ಸುಮ್ಮನಿದ್ದರೆ ಮುಚ್ಚಿಹೋಗುತ್ತಿತ್ತು. ವಿಚಾರಣೆಯಾಗಿ, ಶಿಕ್ಷೆ ಅನುಭವಿಸಿ ಊರಿಗೆ ಹೋದ.

ನಾನೂ ನಿವೃತ್ತನಾಗಿ ಹೆಗ್ಗದ್ದೆ ಕಡೆಯ ನಮ್ಮ ಸಣ್ಣ ತೋಟಕ್ಕೆ ಬಂದೆ. ಎರಡು ಸಾವಿರದ ಇಸವಿಯ ಆಸುಪಾಸು. ಆ ಸಲದ ಕೊಯ್ಲಿನಲ್ಲಿ ಕಣದಲ್ಲಿ ಒಣಗಲು ಹರಡಿದ ಕಾಫಿ ರಾತ್ರೋರಾತ್ರಿ ಮಾಯವಾಗುತ್ತಿತ್ತು. ಕಳ್ಳರು ಒಬ್ಬ ಕಾವಲಿನವನ ತಲೆ ಒಡೆದಿದ್ದರು, ಅವರ ಬಳಿ ಕೋವಿಯಿದೆ ಎಂಬ ಸುದ್ದಿಯೂ ಇತ್ತು. ಪಕ್ಕದ ತೋಟದ ಚಂದ್ರಣ್ಣ ಬಂದು, "ನೀನು ಮಿಲಿಟ್ರಿಲಿ ಇದ್ದೋನು ಮಾರಾಯ, ನೀನ್ ಮುಂದೆ ನಿಂತ್ರೆ ನಮ್ಗೂ ಧೈರ್ಯ ಕಣೋ" ಅಂದರು. ಲೈಸೆನ್ಸ್ ಕೋವಿ ಹಿಡಿದು ಹೊರಟೆ.

ಮಂಜು ಕವಿದ ನಸುಕು. ಕಣದ ಮೇಲಿನ ದಾರಿಯಲ್ಲಿ, ದಾರಿಗಾಗಿ ಗುಡ್ಡ ಕಡಿದ ಆಳೆತ್ತರದ ದರೆಯ ಮಣ್ಣಿಗೆ ಬೆನ್ನು ಒತ್ತಿ ನಾನು ನಿಂತಿದ್ದೆ. ಚಂದ್ರಣ್ಣ ನನ್ನ ಬಲಕ್ಕೆ. ಬೇರೆ ಯಾರೂ ಇಲ್ಲ. ಕೆಳಗೆ ಕಾಫಿ ಗಿಡ ಅಲುಗಿತು. ಮೂಟೆ ಹೊತ್ತಂತಿದ್ದ ಆಕೃತಿಯೊಂದು ಬಗ್ಗಿಕೊಂಡು ಕಣದ ಕಡೆಯಿಂದ ಹತ್ತಿ ಬರುತ್ತಿತ್ತು, ಕೈಯಲ್ಲಿ ಉದ್ದನೆಯದೇನೋ. "ಯಾರದು?" ಎಂದು ಕೂಗಿದೆ. ಉತ್ತರವಿಲ್ಲ. ಆ ಉದ್ದನೆಯದು ನೇರ ನಮ್ಮ ಕಡೆಗೆ ಎದ್ದಿತು.

"ಹೊಡಿಯೋ! ಅವ್ನೇ ಮೊದ್ಲು ಹೊಡೆದ್ಬುಡ್ತಾನೆ!" ಚಂದ್ರಣ್ಣನ ಉಸಿರು ನನ್ನ ಕಿವಿಗೆ ಬಡಿಯಿತು. ನನಗೂ ಹಾಗೆಯೇ ಅನ್ನಿಸಿತ್ತು. ಗುರಿ ಕೂತಿತ್ತು, ಬೆರಳು ಟ್ರಿಗರ್ ಮೇಲಿತ್ತು.

ಆಗ ನನ್ನ ಎಡ ಹೆಗಲನ್ನು ಒಂದು ಕೈ ಅದುಮಿತು. ಎರಡು ಸಲ.

ಯೋಚಿಸಲಿಲ್ಲ, ಅಭ್ಯಾಸಬಲದಿಂದ ಕೋವಿ ಇಳಿಸಿದೆ. ಆಕೃತಿ ಹತ್ತಿರ ಬಂತು. ಚಂದ್ರಣ್ಣನ ಹೆಂಡತಿ ಶಾಂತಕ್ಕ! ಚಳಿಗೆ ಗೋಣಿಚೀಲದ ಕೊಪ್ಪೆ ಹಾಕಿ, ಕೊಂಬೆಗಳ ಇಬ್ಬನಿ ಉದುರಿಸಲು ಕೋಲು ಹಿಡಿದು, ನಮಗೆ ಕಾಫಿ ತರುತ್ತಿದ್ದರು. ಕಿವಿ ಮುಚ್ಚಿದ ಗೋಣಿಯೊಳಗೆ ನನ್ನ ಕೂಗು ಕೇಳಿಸಿರಲಿಲ್ಲ.

ಚಂದ್ರಣ್ಣನನ್ನು, "ನನ್ನ ಹೆಗಲು ಮುಟ್ಟಿದ್ರಾ?" ಎಂದು ಕೇಳಿದೆ. "ಇಲ್ಲ ಕಣೋ, ಎಲ್ಡು ಕೈಲೂ ದೊಣ್ಣೆ ಹಿಡ್ಕೊಂಡಿದ್ದೆ." ತಿರುಗಿ ದರೆಯನ್ನು ತಡಕಿದೆ. ಬೇರಿಲ್ಲ, ಬಳ್ಳಿಯಿಲ್ಲ, ಬರೀ ಮಣ್ಣು.

ತುಕಡಿಯ ರೂಢಿಯಂತೆ ಅಲ್ಲೇ ಕೂತು ಶಾಂತಕ್ಕನಿಗೆ ಎಲ್ಲ ಹೇಳಿದೆ. ಕೋವಿ ಅವರ ಎದೆಗೆ ಗುರಿಯಾಗಿತ್ತು ಎಂಬುದನ್ನೂ. ಬೇಡವೆಂದು ಚಂದ್ರಣ್ಣ ಕಣ್ಸನ್ನೆ ಮಾಡುತ್ತಲೇ ಇದ್ದರು. ಶಾಂತಕ್ಕ ತಲೆಯ ಕೊಪ್ಪೆ ತೆಗೆದು, "ಕಾಫಿ ಆರೋಯ್ತದೆ, ಕುಡೀರಿ" ಅಂದರು. ಲೋಟಕ್ಕೆ ಬಗ್ಗಿಸಿ ಮೊದಲು ನನಗೇ ಕೊಟ್ಟರು.

ಆ ಕೈ ಬಲಬೀರನದೇ, ಅವನು ತೀರಿಕೊಂಡಿರಬೇಕು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಬಾಳ್ಳುಪೇಟೆಯ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ಗುಂಡುಕಲ್ಲಿನಂತಿದ್ದ! ಆ ಬೆಳಿಗ್ಗೆ ಎಮ್ಮೆಗೆ ಮೇವು ಹಾಕುತ್ತಿದ್ದನಂತೆ. ಲಾರಿಗಳ ಸದ್ದಿನ ನಡುವೆ ಎಲ್ಲ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಆ ಕುರಿಯವನನ್ನು ಹೊಡೆದ ದಿನ ನನ್ನ ಹಿಂದೆ ಯಾರೂ ಇರಲಿಲ್ಲ ನೋಡು" ಅಂದ.

ನನ್ನ ಹಿಂದೆಯೂ ಯಾರೂ ಇರಲಿಲ್ಲ ಎನ್ನಲು ಹೋದೆ. ಬಾಯಿ ಬರಲಿಲ್ಲ. ಇವತ್ತಿಗೂ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.